ರಿಯಾಯಿತಿ ಹೊಲದ ಚರಗ

ನಮ್ಮ ಕಾಕಾ ಕೆಲವು ವರ್ಷ ತನ್ನದೇ ಹೊಲಕ್ಕೆ ಕಾವಲುಗಾರನಾಗಿದ್ದ. ಇದರಲ್ಲೇನು ವಿಶೇಷ, ಯಾವ ರೈತ ತನ್ನ ಹೊಲ ತಾನು ಕಾಯುವುದಿಲ್ಲ ಎನ್ನಬೇಡಿ. ಕಾಕಾನಿಗೆ ಅದಕ್ಕೆ ತಿಂಗಳ ಪಗಾರವಿತ್ತು. ನೀಲಿ ಅಂಗಿಯನ್ನೂ ಕೊಟ್ಟಿದ್ದರು. ಅಂಗಿಯ ಕಿಸೆಯ ಮೇಲೆ ದೊಡ್ಡದೊಂದು ಕಂಪ್ಯೂಟರ್ ಕಂಪನಿಯ ಹೆಸರು ದಾರದಲ್ಲಿ ಹೊಲಿದಿತ್ತು. ಆ ಅಂಗಿಯೊಳಗೆ ಕಾಕಾನ ಜೊತೆ ಅವನ ಹೆಂಡತಿ ಕಾಕುವೂ ಹಿಡಿಸುತ್ತಿದ್ದಳು.

"ಅಳತಿ ತಗೊಂಡಿಲ್ಲೇನು ಕಾಕಾ?" ಎಂದು ನಾನು ಕೇಳಿದ್ದೆ.

"ಹೊಲದ್ದು ತಗೊಂಡಾರಲ್ಲ ತಂಗಿ, ನಂದ್ಯಾಕ ತಗೋತಾರ" ಎಂದಿದ್ದ.

ಶಹಾಪುರದ ಕಡೆಯಿಂದ ಬಂದರೆ ಸಗರ ಎಂಬ ಊರು ದಾಟಿದ ಮೇಲೆ ಡಾಂಬರು ರಸ್ತೆಗೆ ಹತ್ತಿಕೊಂಡೇ ಇದ್ದ ಹೊಲ ಅದು. ನನ್ನ ಅಪ್ಪ ಯಾದಗಿರಿಯಲ್ಲಿ ಗುಮಾಸ್ತನಾಗಿದ್ದ. ಅವನ ತಮ್ಮನಾದ ಕಾಕಾ ಇಬ್ಬರ ಪಾಲನ್ನೂ ಉಳುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ನಾನು ಸುರಪುರದಲ್ಲಿ ಮೇಷ್ಟ್ರಗಿರಿ ಹಿಡಿದೆ. ಹೊಲದ ಮಾತು ಬಂದರೆ ನಾನು 'ನಮ್ಮ ಹೊಲ' ಎನ್ನುತ್ತಿದ್ದೆನೇ ಹೊರತು ಒಂದು ದಿನವೂ ಕಸ ತೆಗೆದವಳಲ್ಲ. ದುಡಿದವರು ಕಾಕಾ, ಕಾಕು ಇಬ್ಬರೇ.

ಕಾಲುವೆ ಬಂದಾಗ ನಾನಿನ್ನೂ ಸಣ್ಣವಳು. ನೀರು ಬಿಡುವ ದಿನ ಊರಿಗೆ ಊರೇ ದಂಡೆಯ ಮೇಲೆ ನಿಂತಿತ್ತು. ನಮ್ಮ ಹೊಲದ ತನಕ ಕಾಲುವೆ ಬಂತು, ನೀರು ಮಾತ್ರ ಬರಲಿಲ್ಲ. ಮೇಲಿನ ಊರುಗಳವರು ಭತ್ತ ಹಚ್ಚಿದರು. ಕಾಲುವೆಯ ಬಾಲದಲ್ಲಿದ್ದ ನಮಗೆ ಅವರ ಗದ್ದೆಯ ವಾಸನೆ ಗಾಳಿಯಲ್ಲಿ ಬರುತ್ತಿತ್ತು, ಜೊತೆಗೆ ಸೊಳ್ಳೆ. ಆದರೆ ಸರ್ಕಾರದ ಕಣ್ಣಿಗೆ ನಮ್ಮದು ನೀರಾವರಿ ಜಮೀನು. ವರ್ಷ ವರ್ಷ ನೀರಿನ ಕರ ಕೇಳಲು ಒಬ್ಬ ಸೈಕಲ್ಲಿನ ಮೇಲೆ ಬರುತ್ತಿದ್ದ. ಕಾಕಾ ಅವನನ್ನು ಕಾಲುವೆಯೊಳಗೆ ಇಳಿಸಿ, ಅಲ್ಲಿ ಬೆಳೆದ ಜಾಲಿ ಗಿಡ ತೋರಿಸಿ, ಮೇಲೆ ಹತ್ತಿಸಿ, ಆಮೇಲೆ ಕರ ಕಟ್ಟುತ್ತಿದ್ದ. ಕಟ್ಟದಿದ್ದರೆ ಪಾಳಿ ತಪ್ಪುತ್ತದೆ, ಎಂದಾದರೂ ನೀರು ಬಂದಾಗ ನಮಗೆ ಸಿಗದೆ ಹೋದೀತು ಎಂಬ ಭಯ.

ಕಂಪನಿಗೆ ಜಮೀನು ಬೇಕೆಂದು ಬಂದಾಗ ಅದೇ ಸರ್ಕಾರಕ್ಕೆ ಕಣ್ಣು ತೆರೆಯಿತು. ಇದು ಖುಷ್ಕಿ, ಬರೀ ಮಳೆ ನೆಚ್ಚಿದ ಒಣ ಭೂಮಿ, ಇದಕ್ಕೆಲ್ಲಿಯ ಬೆಲೆ ಎಂದಿತು. ಇಷ್ಟು ವರ್ಷ ಕಾಲುವೆಯಲ್ಲಿ ಜಾಲಿ ತೋರಿಸಿದ್ದ ಕಾಕಾ ಈಗ ಅದೇ ಕಾಲುವೆ ತೋರಿಸಿ, "ನೀರಾವರಿ ಐತ್ರಿ, ಕರ ಕಟ್ಟೀನ್ರಿ" ಎಂದು ವಾದಿಸಬೇಕಾಯಿತು. ಅಧಿಕಾರಿಗಳು ಇಳಿದು ನೋಡಿದರು. ಜಾಲಿ ಮುಳ್ಳು ಒಬ್ಬರ ಬೂಟಿಗೆ ಚುಚ್ಚಿತು. ವಾದ ಅಲ್ಲಿಗೆ ಮುಗಿಯಿತು. ಒಣ ಭೂಮಿಯ ಬೆಲೆಗೇ ಹೊಲ ಕಂಪನಿಯ ಪಾಲಾಯಿತು.

ಅಡಿಗಲ್ಲು ಹಾಕುವ ದಿನ ಮಂತ್ರಿಗಳು ಬಂದಿದ್ದರು. ಇಲ್ಲೊಂದು ಭಾರಿ ಕಟ್ಟಡ ಏಳುತ್ತದೆ, ಲೋಕದ ಜನರ ಫೋಟೋ, ಪತ್ರ, ಲೆಕ್ಕ ಎಲ್ಲವನ್ನೂ ಯಂತ್ರಗಳೊಳಗೆ ಜೋಪಾನವಾಗಿ ಇಡುತ್ತಾರೆ ಎಂದು ಮೈಕಿನಲ್ಲಿ ವಿವರಿಸಿದರು. ಕಾಕಾ ನನ್ನ ಕಡೆ ಬಾಗಿ, "ಅಂದ್ರ ಹಗೇವು" ಎಂದ. ನಮ್ಮ ಕಡೆ ಜೋಳ ತುಂಬಿಡಲು ನೆಲದೊಳಗೆ ತೋಡುವ ಕಣಜಕ್ಕೆ ಹಗೇವು ಎನ್ನುತ್ತಾರೆ. ಅವನು ಹೇಳಿದಷ್ಟು ಚೊಕ್ಕವಾಗಿ ಮಂತ್ರಿಗಳು ಹೇಳಿರಲಿಲ್ಲ. ಇಂಥ ಕಂಪನಿ ಯಾದಗಿರಿಯಂಥ ಹಿಂದುಳಿದ ಸೀಮೆಗೆ ಬರಲು ಒಪ್ಪಿದ್ದೇ ದೊಡ್ಡ ಉಪಕಾರ, ಆದ್ದರಿಂದ ಸರ್ಕಾರವೂ ಉಪಕಾರ ಮಾಡುತ್ತಿದೆ ಎಂದರು. ಜಮೀನು ನೋಂದಣಿಯ ಶುಲ್ಕವಿಲ್ಲ. ಕರೆಂಟಿನ ಮೇಲಿನ ತೆರಿಗೆಯಿಲ್ಲ. ಪಂಚಾಯ್ತಿಗೆ ಕರ ಕೊಡಬೇಕಾಗಿಲ್ಲ. ನೀರಿಗೂ ವಿನಾಯಿತಿ. ಒಂದೊಂದಕ್ಕೂ ನಾವು ಚಪ್ಪಾಳೆ ತಟ್ಟಿದೆವು. ನನ್ನ ಪಗಾರದಿಂದ ತೆರಿಗೆಯನ್ನು ನಾನು ನೋಡುವ ಮೊದಲೇ ಹಿಡಿದುಕೊಳ್ಳುತ್ತಾರೆ. ಆದರೂ ತಟ್ಟಿದೆ. ಎಲ್ಲರೂ ತಟ್ಟುವಾಗ ಕೈ ಕಟ್ಟಿಕೊಂಡು ಕೂತರೆ ಟೀಚರಮ್ಮನಿಗೆ ಹೊಟ್ಟೆಕಿಚ್ಚು ಎನ್ನುತ್ತಾರೆ.

ಆಮೇಲೆ ಕಂಪನಿ ಕಟ್ಟಿದ್ದು ಸುತ್ತ ಒಂದು ಗೋಡೆ, ಒಂದು ಗೇಟು, ಒಂದು ತಗಡು ಪತ್ರಾಸಿನ ಶೆಡ್ಡು. ಶೆಡ್ಡಿನೊಳಗೆ ಒಂದು ಕಂಪ್ಯೂಟರು, ಅದಕ್ಕೆ ಪ್ಲಾಸ್ಟಿಕ್ ಹೊದಿಕೆ. ಮೇಲಿನ ಕಾಲುವೆಯಿಂದ ಪೈಪು ಎಳೆದು ನೀರು ತಂದರು. ನಮ್ಮ ಹೊಲಕ್ಕೆ ಕಾಲುವೆ ನೀರು ಬಂದದ್ದು ಅದು ನಮ್ಮದಲ್ಲದ ಮೇಲೆ. ಆ ನೀರಿನಿಂದ ಕಂಪನಿಯ ಹೆಸರು ಬರೆದ ಬೋರ್ಡಿನ ಬುಡದಲ್ಲಿ ಹಸಿರು ಹುಲ್ಲು ಬೆಳೆಸಿದರು. ಆ ಹುಲ್ಲು ಯಾವ ಎಮ್ಮೆಯೂ ತಿನ್ನದ ಜಾತಿಯದು. ಸ್ಥಳೀಯರಿಗೆ ಕೆಲಸ ಕೊಡುತ್ತೇವೆ ಎಂದು ಒಪ್ಪಿಕೊಂಡಿದ್ದ ಕಂಪನಿ ಆ ಮಾತೂ ಉಳಿಸಿಕೊಂಡಿತು, ಕಾಕಾನನ್ನು ಕಾವಲಿಗೆ ಇಟ್ಟುಕೊಂಡಿತು.

ಹೊಲ ಕೈತಪ್ಪಿತೆಂದು ಕಾಕಾ ಅತ್ತವನಲ್ಲ. ಅವನಿಗೆ ಅದು ತಿರುಗಿ ಬರುತ್ತದೆಂಬ ನಂಬಿಕೆಯಿತ್ತು. ಶಹಾಪುರದ ವಕೀಲರೊಬ್ಬರು ಒಪ್ಪಂದ ಓದಿ ನಮಗೆ ತಿಳಿಯುವ ಕನ್ನಡದಲ್ಲಿ ಹೇಳಿದ್ದರು: "ಹೇಳಿದಷ್ಟು ಮಂದಿಗೆ ಕೆಲ್ಸ ಕೊಡಲಿಲ್ಲಂದ್ರ ಕಂಪನಿಗೆ ಕೊಟ್ಟ ರಿಯಾಯಿತಿ ಎಲ್ಲಾ ರದ್ದು. ರಿಯಾಯಿತಿ ಇಲ್ಲದ ಜಾಗಾದಾಗ ಅವ್ರು ಒಂದು ದಿನಾ ನಿಂದ್ರಂಗಿಲ್ಲ. ಅವ್ರು ಹೋದ್ರ ಹೊಲಾ ತಿರುಗಿ ಕೇಳಾಕ ನಿಮಗ ದಾರಿ ಐತಿ. ತಪಾಸಣಿಗೆ ಬರೋತನಕ ತಡ್ಕೊಳ್ರಿ." ಅಂದಿನಿಂದ ಕಾಕಾ ಗೇಟನ್ನು ಕಾದದ್ದಕ್ಕಿಂತ ತಪಾಸಣೆಯನ್ನು ಕಾದದ್ದೇ ಹೆಚ್ಚು. ಅವನ ಲೆಕ್ಕ ಸರಳವಾಗಿತ್ತು. ದೊಡ್ಡವರು ಬರಬೇಕು, ಖಾಲಿ ಹೊಲ ನೋಡಬೇಕು, ಖಾಲಿ ಐತಿ ಎಂದು ಬರೆದುಕೊಂಡು ಹೋಗಬೇಕು. ಮುಂದಿನ ಮಳೆಗಾಲಕ್ಕೆ ಯಾವ ಮೂಲೆಯಲ್ಲಿ ತೊಗರಿ, ಯಾವ ಮೂಲೆಯಲ್ಲಿ ಹತ್ತಿ ಎಂಬುದನ್ನೂ ಅವನು ಕಾಕುವಿನ ಜೊತೆ ಜಗಳಾಡಿ ಇತ್ಯರ್ಥ ಮಾಡಿಕೊಂಡಿದ್ದ.

ಹೊಲದ ನಡುವೆ ಒಂದು ಬನ್ನಿಗಿಡ, ಅದರ ಬುಡದಲ್ಲಿ ಐದು ಕಲ್ಲು. ಎಳ್ಳಮಾವಾಸ್ಯೆಗೆ ಆ ಕಲ್ಲುಗಳಿಗೆ ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ ಬೆಳೆಯ ಮೇಲೆ ಚೆಲ್ಲುವುದು ನಮ್ಮ ಸೀಮೆಯ ಪದ್ಧತಿ. ಚರಗ ಚೆಲ್ಲುವುದು ಎನ್ನುತ್ತೇವೆ. ಭೂಮಿತಾಯಿಗೆ ಅದು ಸೀಮಂತದ ಊಟ. ಆ ದಿನ ಹೊಲದ ಮುಂದೆ ಯಾರು ಹಾದುಹೋದರೂ ಕರೆದು ಉಣ್ಣಿಸಬೇಕು. ನೀನ್ಯಾರು, ಯಾವೂರು, ಯಾರ ಪೈಕಿ ಎಂದು ಕೇಳುವಂತಿಲ್ಲ. ಉಳಿದ ದಿನ ಈ ಮೂರು ಪ್ರಶ್ನೆ ಮುಗಿಯದೆ ನಮ್ಮಲ್ಲಿ ಒಂದು ತಂಬಿಗೆ ನೀರೂ ಹುಟ್ಟುವುದಿಲ್ಲ, ಆ ಮಾತು ಬೇರೆ.

ಇನ್ನೊಂದು ಕಟ್ಟುಪಾಡು ನಮ್ಮ ಮನೆತನದ್ದೇ. ಚರಗದ ದಿನ ಉಣ್ಣುತ್ತಿರುವವನ ಮುಂದೆ ಜಗಳದ ನ್ಯಾಯ ಎತ್ತಬಾರದು. ಅವನು ಕೈ ತೊಳೆದುಕೊಳ್ಳುವ ತನಕ ಏನು ಅಂದರೂ ಅನ್ನಿಸಿಕೊಳ್ಳಬೇಕು. ಒಂದು ವರ್ಷ ಬದುವಿನ ತಕರಾರಿದ್ದ ಪಕ್ಕದ ಹೊಲದವನು ನಮ್ಮಲ್ಲೇ ಉಣ್ಣುತ್ತ, "ಈ ಬನ್ನಿಗಿಡಾನೂ ನಂದ ಐತಿ ನೋಡು" ಎಂದ. ಕಾಕಾ ಅವನ ಎಲೆಗೆ ಇನ್ನೊಂದು ಕಡಬು ಹಾಕಿ, ತುಪ್ಪ ಬಡಿಸಿದ. ಅವನು ಉಂಡು ಕೈ ತೊಳೆದು ಎದ್ದ ಮೇಲೆ ಇಬ್ಬರೂ ಒಬ್ಬರ ಅಂಗಿ ಒಬ್ಬರು ಹಿಡಿದರು.

ಕಂಪನಿ ಬಂದ ಮೇಲೂ ಚರಗ ನಿಲ್ಲಲಿಲ್ಲ. ಗೇಟಿನ ಕೀಲಿಕೈ ಕಾಕಾನ ಉಡಿದಾರದಲ್ಲೇ ಇತ್ತಲ್ಲ. ಬನ್ನಿಗಿಡದ ಸುತ್ತ ಕಾಕಾ ಪೈಪಿನ ನೀರಿಗೆ ಒಂದಿಷ್ಟು ಕಡಲೆ ಹಾಕುತ್ತಿದ್ದ, ಬೆಳೆಯೇ ಇಲ್ಲದೆ ಚರಗ ಯಾವುದರ ಮೇಲೆ ಚೆಲ್ಲುವುದು? ಯಾದಗಿರಿಯ ಲಾಡ್ಜಿನಲ್ಲಿ ಇರುತ್ತಿದ್ದ ಕಂಪನಿಯ ಮ್ಯಾನೇಜರ್ ಕಂಡೂ ಕಾಣದಂತೆ ಇದ್ದ. ಪಾಪ, ಒಂಟಿ ಮನುಷ್ಯ. ಚರಗದ ದಿನ ತಪ್ಪದೆ ಬಂದು ಕಾಕುವಿನ ಶೇಂಗಾ ಹೋಳಿಗೆ ತಿನ್ನುತ್ತಿದ್ದ. ಚರಗಕ್ಕೆ ಮೊದಲು ಕಾಕಾ ನೀಲಿ ಅಂಗಿ ಬಿಚ್ಚಿ ಗೇಟಿಗೆ ತೂಗುಹಾಕುತ್ತಿದ್ದ. ಇನ್ನೊಬ್ಬರ ಹೆಸರು ಹಾಕಿಕೊಂಡು ನಮ್ಮ ಭೂಮಿಗೆ ಉಣ್ಣಿಸುವುದು ಅವನಿಗೆ ಸರಿಬರುತ್ತಿರಲಿಲ್ಲ.

ಹೀಗೆ ಒಂದು ವರ್ಷ ಹಬ್ಬ ಮುಗಿದ ಮರುವಾರ ತಪಾಸಣೆ ಇದೆಯೆಂದು ಗೊತ್ತಾಗಿತ್ತು. ಕಾಕಾ ಮದುಮಗನ ಹಾಗೆ ಓಡಾಡುತ್ತಿದ್ದ. ಮ್ಯಾನೇಜರ್ ಮಾತ್ರ ಬಾಡಿಹೋಗಿದ್ದ. ಚರಗದ ದಿನ ಹೋಳಿಗೆಯನ್ನೂ ಮುರಿದು ಮುರಿದು ತಿನ್ನುತ್ತಿದ್ದ. ಕಾಕುವಿಗೆ ಕರುಳು ಚುರ್ ಎಂದು, "ಉಣ್ರಿ ಸಾಹೇಬ್ರ, ಎಲ್ಲಾ ಚಲೋ ಆಕ್ಕತಿ" ಎಂದು ಸಮಾಧಾನ ಮಾಡಿದಳು. ಯಾರಿಗೆ ಚಲೋ ಆಗುತ್ತದೆಂದು ಹೇಳಲಿಲ್ಲ.

ಬಳಗದವರು, ಓಣಿಯವರು ಎಲ್ಲ ಬಂದಿದ್ದರು. ಬನ್ನಿಗಿಡದಿಂದ ಶೆಡ್ಡಿನ ತನಕ ಪಂಕ್ತಿ ಕೂತಿತ್ತು. ಸಜ್ಜೆ ರೊಟ್ಟಿ, ಹತ್ತೆಂಟು ಕಾಳು ಕಾಯಿಪಲ್ಯ ಹಾಕಿ ಕುದಿಸಿದ ಭಜ್ಜಿ, ಕಡಬು, ಅಗಸಿ ಹಿಂಡಿ ಎಲೆಗೆ ಬಿದ್ದಿದ್ದವು. ಅಷ್ಟರಲ್ಲಿ ಗೇಟಿನ ಮುಂದೆ ಬಿಳಿ ಕಾರು ನಿಂತಿತು. ಕಾಕಾ ಎಲ್ಲರಿಗೂ ಮಾಡುವಂತೆ ಓಡಿಹೋಗಿ, "ಬರ್ರಿ, ಬರ್ರಿ, ಉಂಡ ಹೋಗ್ರಿ" ಎಂದು ಕೈಹಿಡಿದು ಎಳೆಯುವುದೊಂದೇ ಬಾಕಿ ಎನ್ನುವಂತೆ ಕರೆತಂದ. ಯಾರು ಎಂದು ಕೇಳಲಿಲ್ಲ. ಬಂದವರು ದಪ್ಪ ಕನ್ನಡಕದ, ಸೌಮ್ಯ ಮುಖದ ಒಬ್ಬರು. ಜೊತೆಗೆ ಕ್ಯಾಮೆರಾ ಹಿಡಿದ ಸಹಾಯಕ. ಅವರ ಹೆಂಡತಿ ಕಾರಿನಲ್ಲೇ ಕೂತಿದ್ದರು.

ಅವರನ್ನು ಕಂಡ ಮ್ಯಾನೇಜರ್ ಬಾಯಲ್ಲಿ ಕಡಬು ಇಟ್ಟುಕೊಂಡೇ ಎದ್ದು ನಿಂತ. ಆಗ ನಮಗೆ ತಿಳಿಯಿತು. ತಪಾಸಣೆಯ ಸಾಹೇಬರು ಅವರೇ. ರಜೆಯ ದಿನ ಬೋನಾಳದ ಕೆರೆಗೆ ಹಕ್ಕಿ ನೋಡಲು ಹೊರಟಿದ್ದರಂತೆ. ದಾರಿಯಲ್ಲೇ ಇದೆಯಲ್ಲ, ಇದೊಂದು ಮುಗಿಸಿಬಿಡೋಣ ಎಂದು ವಾರ ಮೊದಲೇ ಬಂದು ಕಾರು ನಿಲ್ಲಿಸಿದ್ದರು. ಸರ್ಕಾರದ ಕೆಲಸ ನಿಗದಿತ ದಿನಕ್ಕಿಂತ ಮೊದಲು ಆದದ್ದನ್ನು ನನ್ನ ಜೀವಮಾನದಲ್ಲಿ ಕಂಡದ್ದು ಅದೊಂದೇ ಸಲ. ನಮಗೆ ಬೇಡವಾಗಿದ್ದ ಒಂದೇ ಒಂದು ದಿನ ಅದು.

ಸಾಹೇಬರು ಪಂಕ್ತಿಯ ಉದ್ದ ನೋಡಿದರು. "ಇವರೆಲ್ಲ ಯಾರು?" ಎಂದರು.

ಮ್ಯಾನೇಜರ್ ನಮ್ಮನ್ನು ನೋಡಿದ, ಶೆಡ್ಡನ್ನು ನೋಡಿದ, ಕಡಬು ನುಂಗಿದ. "ನಮ್ಮ ಸಿಬ್ಬಂದಿ ಸಾರ್. ಇವತ್ತು ಸ್ಥಳೀಯ ಹಬ್ಬ. ಕಂಪನಿಯಲ್ಲೇ ಊಟ."

ಎಲ್ಲರೂ ಕಾಕಾನ ಮುಖ ನೋಡಿದರು. ಹೊಲ ಅವನದು, ಅಡುಗೆ ಅವನದು, ಮಾತೂ ಅವನದೇ ಆಗಬೇಕು. ಕಾಕಾನ ಮುಖದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಆದರೆ ಅಷ್ಟರಲ್ಲಿ ಮ್ಯಾನೇಜರ್ ಮತ್ತೆ ತನ್ನ ಎಲೆಯ ಮುಂದೆ ಕೂತಿದ್ದ. ಪಕ್ಕದಲ್ಲಿ ಸಾಹೇಬರನ್ನೂ ಕೂರಿಸಿದ್ದ. ರೂಢಿ ಎಂಥದ್ದು ನೋಡಿ, ಕಾಕು ಆಗಲೇ ಅವರ ಎಲೆಗೆ ರೊಟ್ಟಿ ಹಾಕಿದ್ದಳು.

"ಹೆಣ್ಣುಮಕ್ಕಳೇ ಜಾಸ್ತಿ ಇದ್ದಾರಲ್ಲ" ಎಂದರು ಸಾಹೇಬರು.

"ಮಹಿಳೆಯರಿಗೆ ಆದ್ಯತೆ ಸಾರ್."

"ಆ ಅಜ್ಜಿ?" ಎಂದು ಬಾಯಲ್ಲಿ ಹಲ್ಲಿಲ್ಲದ, ರೊಟ್ಟಿಯನ್ನು ಭಜ್ಜಿಯಲ್ಲಿ ನೆನೆಸಿ ಉಣ್ಣುತ್ತಿದ್ದ ನಮ್ಮ ದೊಡ್ಡವ್ವನ ಕಡೆ ತೋರಿಸಿದರು.

"ಬಹಳ ಅನುಭವ ಇರೋರು ಸಾರ್."

ನನಗೆ ತಡೆಯಲಾಗಲಿಲ್ಲ. ಸಿಟ್ಟು ನೆತ್ತಿಗೇರಿತು. ಅನ್ನದ ಬುಟ್ಟಿ ಕೆಳಗಿಟ್ಟು, "ಸಾರ್, ಇಲ್ಲಿ" ಎಂದು ಬಾಯಿ ತೆರೆದೆ.

"ತಂಗೀ" ಎಂದ ಕಾಕಾ. ದನಿ ಏರಿಸಲಿಲ್ಲ. "ಸಾಹೇಬ್ರಿಗೆ ಭಜ್ಜಿ ತಗೊಂಡ ಬಾ."

ನಾನು ಕದಲಲಿಲ್ಲ.

"ಅವ್ರು ಉಂಡು ಕೈ ತೊಳ್ಕೊಳ್ಲಿ" ಎಂದು ತಗ್ಗಿದ ದನಿಯಲ್ಲಿ ನನಗಷ್ಟೇ ಕೇಳುವಂತೆ ಹೇಳಿದ. "ತೊಳ್ಕೊಂಡ ಮ್ಯಾಲ ನಾನ ಹೇಳ್ತೀನಿ."

ನಾನು ಭಜ್ಜಿ ತಂದೆ. ಮೈಯೆಲ್ಲ ಉರಿಯುತ್ತಿತ್ತು, ಆದರೂ ತಂದೆ. ಒಬ್ಬ ಮನುಷ್ಯ ನಮ್ಮ ಹೊಲದಲ್ಲಿ ಕೂತು, ನಮ್ಮ ಕಡಬು ಅಗಿಯುತ್ತ, ನಮ್ಮನ್ನೇ ತನ್ನ ಆಳುಗಳೆಂದು ತೋರಿಸಿ ನಮ್ಮ ಹೊಲ ನುಂಗುತ್ತಿದ್ದ. ಅವನಿಗೆ ಹೆಚ್ಚು ಬಡಿಸುವುದು ನಮ್ಮ ಧರ್ಮವಾಗಿತ್ತು. ಕಾಕಾ ತಾನೇ ಅವನಿಗೆ ತುಪ್ಪ ಹಾಕಿದ. ಮ್ಯಾನೇಜರ್ ತಲೆಯೆತ್ತಲಿಲ್ಲ, ಅಷ್ಟು ಮಾತ್ರ ಹೇಳಬೇಕು. ಸಹಾಯಕ ಪಂಕ್ತಿಯ ಫೋಟೋ ತೆಗೆದ. ಫೋಟೋ ತೆಗೆಯುತ್ತಾರೆಂದು ಹೆಂಗಸರು ಸೆರಗು ಸರಿಮಾಡಿಕೊಂಡರು.

ಸಾಹೇಬರು ನಿಜವಾಗಿ ನಂಬಿದರೇ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಕೆಟ್ಟವರಲ್ಲ. ರೊಟ್ಟಿ ಮುರಿಯುವ ಮೊದಲು ಕಣ್ಣುಮುಚ್ಚಿ ಕೈಮುಗಿದರು. ಇಂಥ ಊಟ ಉಂಡು ಎಷ್ಟು ವರ್ಷವಾಯಿತೋ ಎಂದರು, ಕಾಕುವಿಗೆ "ತಾಯೀ" ಎಂದರು. ಹಕ್ಕಿ ನೋಡಲು ಹೊರಟ ಮನುಷ್ಯನಿಗೆ ಬೇಗ ನಂಬುವುದು ಅನುಕೂಲ, ಅಷ್ಟೇ.

ಉಂಡು ಎದ್ದರು. ಕಾಕಾ ತಾನೇ ತಂಬಿಗೆ ಹಿಡಿದು ಅವರ ಕೈಗೆ ನೀರು ಹಾಕಿದ. ಕೊನೆಯ ಹನಿ ಬೀಳುವುದನ್ನೇ ಕಾಯುತ್ತಿದ್ದ. ಅಷ್ಟರಲ್ಲಿ ಕಾರಿನಿಂದ ಹಾರ್ನ್ ಬಂತು. ಹೊತ್ತಾದರೆ ಹಕ್ಕಿ ಸಿಗುವುದಿಲ್ಲವೆಂದು ಹೆಂಡತಿಯ ಅವಸರ. ಸಾಹೇಬರು ಕರವಸ್ತ್ರದಲ್ಲಿ ಕೈ ಒರೆಸಿಕೊಳ್ಳುತ್ತ ನಡೆದೇಬಿಟ್ಟರು. ಕಾಕುವಿಗೆ ಕಾರಿನಲ್ಲೇ ಉಳಿದ ಹೆಣ್ಣುಮಗಳ ನೆನಪಾಗಿ, ಅವಸರದಲ್ಲಿ ರೊಟ್ಟಿ ಹೋಳಿಗೆ ಕಟ್ಟಿ ಬುತ್ತಿಯನ್ನು ಕಾಕಾನ ಕೈಗೆ ತುರುಕಿದಳು. ಕಾಕಾ ಬುತ್ತಿ ಹಿಡಿದು ಓಡಿದ, ಹಿಂದೆ ನಾನು.

ಕಾರಿನ ಕಿಟಕಿಯಲ್ಲಿ ಬುತ್ತಿ ಕೊಟ್ಟು, "ಸಾಹೇಬ್ರ, ಒಂದ್ ಮಾತು" ಎಂದ ಕಾಕಾ. ಬನಿಯನ್, ಧೋತ್ರ, ಹಣೆಯ ತುಂಬ ವಿಭೂತಿ. ಗೇಟಿಗೆ ತೂಗುಹಾಕಿದ್ದ ನೀಲಿ ಅಂಗಿ ಅವನ ಹಿಂದೆಯೇ ಗಾಳಿಗೆ ಅಲ್ಲಾಡುತ್ತಿತ್ತು.

ಸಾಹೇಬರು ಅವನ ಕೈಮೇಲೆ ಕೈಯಿಟ್ಟರು. ಕಣ್ಣು ತುಸು ಒದ್ದೆಯಾಗಿತ್ತು. "ನೀವು ಏನು ಕೇಳ್ತೀರಿ ಅಂತ ನನಗೆ ಗೊತ್ತು ಯಜಮಾನರೇ. ಹೆದರಬೇಡಿ. ನಿಮ್ಮ ಅನ್ನ ಉಂಡಿದ್ದೀನಿ. ನಿಮ್ಮೆಲ್ಲರ ಕೆಲಸಕ್ಕೆ ತೊಂದರೆ ಆಗದ ಹಾಗೆ ಬರೀತೀನಿ. ಕಂಪನಿ ಎಲ್ಲಿಗೂ ಹೋಗೋದಿಲ್ಲ."

ಗಾಜು ಮೇಲೇರಿತು. ಕಾಕಾನ ಬಾಯಿ ಇನ್ನೂ ತೆರೆದೇ ಇತ್ತು. ಕಾರು ಸುರಪುರದ ದಾರಿ ಹಿಡಿಯಿತು.

ಆಮೇಲೆ ನಾವು ಅರ್ಜಿ ಕೊಟ್ಟೆವು, ವಕೀಲರ ಮನೆಗೆ ಓಡಾಡಿದೆವು. ಹೋದಲ್ಲೆಲ್ಲ ನಮಗೆ ಸಾಕ್ಷಿಯೆಂದು ತೋರಿಸಿದ್ದು ಪಂಕ್ತಿಯ ಆ ಫೋಟೋ. ಅದರಲ್ಲಿ ಭಜ್ಜಿಯ ಬಕೆಟ್ಟು ಹಿಡಿದ ನಾನೂ ಇದ್ದೆ, ನಗುತ್ತಿದ್ದೆನಂತೆ. ನಗುತ್ತಿರಲಿಲ್ಲ, ಹಲ್ಲು ಕಚ್ಚಿಕೊಂಡಿದ್ದೆ. ಆದರೆ ಫೋಟೋಗೆ ಅದು ತಿಳಿಯುವುದಿಲ್ಲ. ಕಂಪನಿಯ ರಿಯಾಯಿತಿ ಮುಂದುವರಿಯಿತು. ಮಹಿಳೆಯರಿಗೆ ಕೆಲಸ ಕೊಟ್ಟದ್ದಕ್ಕೆ ಇನ್ನೊಂದು ಹೊಸ ವಿನಾಯಿತಿಯೂ ಸೇರಿತು. ಕಾಕಾನ ಕಡಲೆ ಬೆಳೆ ಹಸಿರು ವಲಯವೆಂದು ಲೆಕ್ಕಕ್ಕೆ ಬಂತು, ಅದಕ್ಕೂ ಏನೋ ಸಿಕ್ಕಿತಂತೆ. ರಸ್ತೆಯ ಪಕ್ಕ ಎದ್ದ ದೊಡ್ಡ ಬೋರ್ಡಿನಲ್ಲಿ ನಮ್ಮ ದೊಡ್ಡವ್ವ ರೊಟ್ಟಿ ಹಿಡಿದು ಕೂತಿದ್ದಳು, ಕೆಳಗೆ 'ಸ್ಥಳೀಯ ಪ್ರತಿಭೆಗೆ ಅವಕಾಶ' ಎಂದಿತ್ತು. ಬಸ್ಸಿನಲ್ಲಿ ಹೋಗುವಾಗ ನಾನು ಆ ಕಡೆಯ ಕಿಟಕಿಗೆ ಕೂರುವುದನ್ನು ಬಿಟ್ಟೆ. ದೊಡ್ಡವ್ವ ಮಾತ್ರ ಶಹಾಪುರಕ್ಕೆ ಹೋದಾಗಲೆಲ್ಲ ಬೋರ್ಡಿನ ಹತ್ತಿರ ಆಟೋ ನಿಲ್ಲಿಸಿ ನೋಡಿಕೊಂಡು ಬರುತ್ತಿದ್ದಳು.

ಮರುವರ್ಷ ಅಮಾವಾಸ್ಯೆ ಹತ್ತಿರ ಬಂದಾಗ ಮ್ಯಾನೇಜರ್ ಕಾಕಾನ ಮನೆಗೇ ಬಂದ. ಈ ಸಲ ಚರಗದ ಖರ್ಚೆಲ್ಲ ಕಂಪನಿಯದು, ಅಡುಗೆಯವರನ್ನು ಯಾದಗಿರಿಯಿಂದ ಕರೆಸುತ್ತೇವೆ, ಆದಷ್ಟು ಹೆಚ್ಚು ಮಂದಿ ಬರಲಿ ಎಂದ. ಕಾಕಾ ಅವನಿಗೆ ಚಹಾ ಕೊಟ್ಟ. ಅವನು ಕುಡಿದು ಕಪ್ಪು ಕೆಳಗಿಟ್ಟ ಮೇಲೆ ನೀಲಿ ಅಂಗಿಯನ್ನು ಮಡಿಚಿ, ಗೇಟಿನ ಕೀಲಿಕೈಯನ್ನು ಅದರ ಮೇಲಿಟ್ಟು ಅವನ ಮುಂದೆ ಸರಿಸಿದ. ಅದಕ್ಕೆ ಮೊದಲೇ ಐದು ಕಲ್ಲುಗಳನ್ನು ಗೋಣಿಚೀಲದಲ್ಲಿ ಹಾಕಿ ಹೊತ್ತು ತಂದಿದ್ದ. ಬನ್ನಿಗಿಡ ಹೊರುವಂಥದ್ದಲ್ಲ, ಅದು ಅಲ್ಲೇ ಉಳಿಯಿತು.

ಆ ವರ್ಷ ನಾವು ರಸ್ತೆಯ ಈಚೆ, ನೀರು ಬಾರದ ನಮ್ಮ ಕಾಲುವೆಯ ದಂಡೆಯ ಮೇಲೆ ಪಾಂಡವರನ್ನು ಕೂರಿಸಿದೆವು. ಬೆಳೆ ಇರಲಿಲ್ಲ. ಕಾಕಾ ಕಾಲುವೆಯೊಳಗೆ ಇಳಿದು ಜಾಲಿ ಗಿಡಗಳ ಮೇಲೆ ಚರಗ ಚೆಲ್ಲಿ ಬಂದ. ಎಲೆ ಹಾಕುವ ಹೊತ್ತಿಗೆ ರಸ್ತೆಯಲ್ಲಿ ಮೋಟರ್‌ಸೈಕಲ್ಲಿನವನೊಬ್ಬ ಗಾಡಿ ನಿಲ್ಲಿಸಿದ. ಧೂಳು ಮೆತ್ತಿದ ಮುಖ, ಹಿಂದೆ ಒಂದು ಚೀಲ. ಊಟದ ವಾಸನೆಗೆ ನಿಂತವನೆಂದು ಯಾರಿಗಾದರೂ ತಿಳಿಯುವಂತಿತ್ತು. ಕಾಕು ನೀರಿನ ತಂಬಿಗೆ ತುಂಬಿದಳು. ಕಾಕಾ ಎದ್ದು ಎರಡು ಹೆಜ್ಜೆ ಅವನ ಕಡೆ ನಡೆದು ನಿಂತುಬಿಟ್ಟ.

"ಯಾವ ಆಫೀಸಿನವ್ರು ನೀವು?" ಎಂದು ಕೇಳಿದ.

ಆ ದಿನ, ಆ ಪಾಂಡವರ ಮುಂದೆ, ನಮ್ಮ ಮನೆಯವರ ಬಾಯಿಂದ ಅಂಥ ಮಾತು ಬಂದದ್ದು ನಾನು ಅದೇ ಮೊದಲು ಕೇಳಿದ್ದು. ಕಾಕುವಿನ ಕೈಯ ತಂಬಿಗೆ ಅಲ್ಲೇ ನಿಂತಿತು. ಆ ಮನುಷ್ಯ ನಮ್ಮೆಲ್ಲರ ಮುಖ ಒಮ್ಮೆ ನೋಡಿದ. "ಯಾವ ಆಫೀಸೂ ಇಲ್ರಿ, ಹಿಂಗ ಹೊಂಟಿದ್ದೆ" ಎಂದು ಗಾಡಿಗೆ ಕಿಕ್ ಹೊಡೆದ.

"ಏ ಬಾರೋ, ಉಂಡ ಹೋಗೋ" ಎಂದು ಕಾಕಾ ಕೂಗಿದ. ಕೂಗುತ್ತ ರಸ್ತೆಯ ತನಕ ಓಡಿದ. ಗಾಡಿ ನಿಲ್ಲಲಿಲ್ಲ. ಅವತ್ತು ಕಾಕಾ ಉಣ್ಣಲಿಲ್ಲ.